ತಪಾಸಣೆಯ ನೌಕರಿಯೂ ಕಾಯಕಶುದ್ಧಿಯೂ

ನಮ್ಮ ಭಕ್ತಮನೆತನಗಳ ತರುಣ ತರುಣಿಯರು ಸರಕಾರಿ ನೌಕರಿಯನ್ನರಸಿ ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ ವರ್ಷಗಟ್ಟಲೆ ಓದುತ್ತಿರುವುದನ್ನು ಊರೂರಿನಲ್ಲಿಯೂ ಕಾಣುತ್ತೇವೆ. ಅವರಲ್ಲಿ ಹಲವರ ಕಣ್ಣು ತನಿಖೆ, ತಪಾಸಣೆ, ಜಪ್ತಿಗಳ ಅಧಿಕಾರವುಳ್ಳ ಹುದ್ದೆಗಳ ಮೇಲಿದೆ: ಅಬಕಾರಿ, ವಾಣಿಜ್ಯ ತೆರಿಗೆ, ಆಹಾರ ಸುರಕ್ಷತೆ, ಕಾರ್ಖಾನೆ, ತೂಕ ಮತ್ತು ಅಳತೆ. ಈ ಆಕರ್ಷಣೆಗೆ ಕಾರಣವೇನೆಂಬುದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಇತ್ತ ಮನೆಯ ಹಿರಿಯರಲ್ಲಿ ಕೆಲವರಿಗೆ ಬೇರೊಂದು ಅಳುಕು. ಪರರ ತಪ್ಪನ್ನು ಹುಡುಕಿ, ಅಂಗಡಿಯ ಬಾಗಿಲಿಗೆ ಮೊಹರು ಹಾಕಿ, ನೊಂದವರ ಶಾಪವನ್ನು ಹೊತ್ತು ಮನೆಗೆ ಬರುವ ಕೆಲಸವು ಶಿವಭಕ್ತನಿಗೆ ತಕ್ಕುದೇ, ಅದನ್ನು ಕಾಯಕವೆಂದು ಕರೆಯಬಹುದೇ ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅಹುದು.

ಕಲ್ಯಾಣದ ಶರಣರ ಸಮೂಹದಲ್ಲಿ ಸುಂಕದ ಬಂಕಣ್ಣನವರಿದ್ದರು; ಸುಂಕವನ್ನು ವಸೂಲು ಮಾಡುವುದೇ ಅವರ ಕಾಯಕ. ತಳವಾರ ಕಾಮಿದೇವಯ್ಯನವರು ಊರನ್ನು ಕಾಯುವ ತಳವಾರಿಕೆಯನ್ನು ಮಾಡುತ್ತಿದ್ದರು. ಬಸವಣ್ಣನವರು ತಾವೇ ಬಿಜ್ಜಳನ ಭಂಡಾರದ ಲೆಕ್ಕವನ್ನು ಹೊತ್ತವರು. ಸಂತೆಗೆ ಹೋಗುವ ಹೇರನ್ನು ತಡೆದು ನಿಲ್ಲಿಸುವವನನ್ನು ಯಾವ ಕಾಲದ ಜನರೂ ಪ್ರೀತಿಸಿರಲಾರರು. ಹಾಗಿದ್ದರೂ ಆ ಕೆಲಸವು ಅನುಭವಮಂಟಪಕ್ಕೆ ಅಡ್ಡಿಯಾಗಲಿಲ್ಲ. ಆದುದರಿಂದ ದೋಷವು ಹುದ್ದೆಯಲ್ಲಿಲ್ಲವೆಂಬುದು ಸ್ಪಷ್ಟ. ಆದರೆ ಶರಣರು ಮಾಡಿದರೆಂಬ ಮಾತ್ರಕ್ಕೆ ನಾವು ಮಾಡಿದ್ದೂ ತಾನಾಗಿಯೇ ಶುದ್ಧವಾಗುವುದೆಂದು ಭಾವಿಸಿದರೆ ಅದು ಸುಲಭದ ಸಮಾಧಾನ.

ಈ ನೌಕರಿಯ ತಿರುಳನ್ನು ಅರಿಯಲು ತೂಕ ಮತ್ತು ಅಳತೆಯ ಇಲಾಖೆಯನ್ನೇ ತೆಗೆದುಕೊಳ್ಳೋಣ. ಸೇರು, ಪಾವು, ಮಣಗಳು ಊರಿಗೊಂದು ಬಗೆಯಾಗಿದ್ದ ಕಾಲದಲ್ಲಿ 1956ರ ಕಾಯಿದೆಯು ದೇಶಕ್ಕೆಲ್ಲ ಒಂದೇ ಮಾನವನ್ನು ತಂದಿತು. ಈಗ ಅದರ ಸ್ಥಾನದಲ್ಲಿ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಿದೆ; 2011ರ ಏಪ್ರಿಲ್ ತಿಂಗಳಿಂದ ಜಾರಿಯಲ್ಲಿದೆ. ಅಂಗಡಿಯ ವಿದ್ಯುನ್ಮಾನ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸತಕ್ಕದ್ದು. ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಅಳತೆಯ ಪಾತ್ರೆಯನ್ನು ಇರಿಸಿರಬೇಕು. ಸಂಶಯ ಬಂದ ಗಿರಾಕಿ ತನ್ನೆದುರು ಅಳೆದು ತೋರಿಸಲು ಕೇಳಬಹುದು. ಐದು ಲೀಟರಿಗೆ 25 ಮಿಲಿಲೀಟರಿನವರೆಗಿನ ವ್ಯತ್ಯಾಸವನ್ನು ಮಾತ್ರ ನಿಯಮವು ಸಹಿಸುತ್ತದೆ. ಒಂದು ಬಂಕು ಐದು ಲೀಟರಿಗೆ 100 ಮಿಲಿಲೀಟರನ್ನು ಕದ್ದಿತೆನ್ನಿ. ಸೈಕಲ್ ಮೋಟಾರಿನಲ್ಲಿ ಹೊಲಕ್ಕೆ ಹೋಗುವ ರೈತನಿಗೆ ಅದು ತಿಳಿಯುವುದೇ ಇಲ್ಲ. ಆದರೆ ದಿನಕ್ಕೆ 5,000 ಲೀಟರು ಮಾರುವ ಬಂಕು ಅದೇ ಲೆಕ್ಕದಲ್ಲಿ ದಿನವೊಂದಕ್ಕೆ 100 ಲೀಟರನ್ನು ನುಂಗಿರುತ್ತದೆ. ಕಳೆದುಕೊಂಡವನಿಗೆ ಕಳವಾದುದೇ ಗೊತ್ತಾಗದ ಇಂತಹ ಕಡೆಯಲ್ಲಿ ಅವನ ಪರವಾಗಿ ನಿಲ್ಲಲೆಂದೇ ಸಮಾಜವು ಒಬ್ಬನನ್ನು ಸಂಬಳ ಕೊಟ್ಟು ನೇಮಿಸಿದೆ. ಅವನು ಹುಡುಕುವುದು ಪರರ ದೋಷವನ್ನಲ್ಲ, ಕಾಣದ ಬಡವನ ಪಾಲನ್ನು. ಹಿರಿಯರ ಅಳುಕಿಗೆ ನಾನು ಕೊಡಬಲ್ಲ ಉತ್ತರವಿದು.

ಅನ್ಯರನ್ನು ತಿದ್ದುವ ಮುನ್ನ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕೆಂಬುದು ಬಸವಣ್ಣನವರ ಬೋಧೆ. ಇದನ್ನು ಕೇಳಿ, ಹಾಗಾದರೆ ಪರಿಶುದ್ಧನಾಗುವವರೆಗೆ ಯಾರೂ ಯಾರನ್ನೂ ತಪಾಸಿಸಲಾಗದೆಂದು ವಾದಿಸುವವರುಂಟು. ಅದು ಸರಿಯಲ್ಲ. ತೂಕದ ಇಲಾಖೆಯಲ್ಲಿಯೇ ಒಂದು ಒಳ್ಳೆಯ ವ್ಯವಸ್ಥೆಯಿದೆ. ನಿರೀಕ್ಷಕನು ವರ್ತಕರ ಬಟ್ಟುಗಳನ್ನು ಹೋಲಿಸಿ ನೋಡುವ ತನ್ನ ಬಟ್ಟುಗಳನ್ನೂ ನಿಯತಕಾಲಕ್ಕೆ ಮೇಲಿನ ಪ್ರಮಾಣಕ್ಕೆ ಹೋಲಿಸಿ ಪರೀಕ್ಷಿಸಿಕೊಳ್ಳಬೇಕು; ಆ ಮೇಲಿನ ಪ್ರಮಾಣವನ್ನು ಬೆಂಗಳೂರಿನಲ್ಲಿರುವಂತಹ ಪ್ರಾದೇಶಿಕ ಪ್ರಯೋಗಾಲಯಕ್ಕೆ ಒಯ್ಯಬೇಕು; ಕಟ್ಟಕಡೆಗೆ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಈ ಸರಪಳಿ ಹೋಗುತ್ತದೆ. ಬಳಸಿದ ಬಟ್ಟು ಸವೆಯುವುದೆಂಬುದನ್ನು ಕಾಯಿದೆಯು ಒಪ್ಪಿಕೊಂಡಿದೆ. ಕೆಲಸವನ್ನು ನಿಲ್ಲಿಸೆಂದು ಅದು ಹೇಳುವುದಿಲ್ಲ, ಮತ್ತೆ ಮತ್ತೆ ತೂಗಿ ನೋಡಿಕೋ ಎನ್ನುತ್ತದೆ. ಅಧಿಕಾರವನ್ನು ಬಳಸಿದ ಮನಸ್ಸೂ ಸವೆಯದಿರದು.

ಇನ್ನು ದಯೆಯ ಪ್ರಶ್ನೆ. ಇದು ನಿಜವಾಗಿಯೂ ಕಠಿಣವಾದುದು. ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವ ವಿಧವೆಯ ತಕ್ಕಡಿಗೆ ಈ ವರ್ಷದ ಮುದ್ರೆಯಿಲ್ಲ. ಅದೇ ಬೀದಿಯ ತುದಿಯ ದೊಡ್ಡ ಮಳಿಗೆಯಲ್ಲಿ ಪೊಟ್ಟಣದ ಮೇಲೆ ಬರೆದ ತೂಕವು ಒಳಗಿಲ್ಲ. ನಿರೀಕ್ಷಕನ ಕೈ ಮೊದಲು ಎತ್ತ ಚಾಚುತ್ತದೆ? ತಳ್ಳುಗಾಡಿ ಸುಲಭ, ಅವಳಿಗೆ ವಕೀಲನಿಲ್ಲ, ಶಾಸಕರ ಪರಿಚಯವಿಲ್ಲ, ತಿಂಗಳ ಲೆಕ್ಕಕ್ಕೆ ಒಂದು ಪ್ರಕರಣವೂ ಆಯಿತು. ಹೀಗೆ ನಡೆಯುವ ತಪಾಸಣೆಯು ಕಾಯಿದೆಗೆ ಅನುಸಾರವಾಗಿದ್ದರೂ ಧರ್ಮಕ್ಕೆ ಅನುಸಾರವಲ್ಲ. ಇದಕ್ಕೆ ಮದ್ದೆಂದು ಕಣ್ಣು ಮುಚ್ಚಿ ಮುಂದೆ ಹೋಗುವುದೂ ತರವಲ್ಲ. ಅವಳಿಂದ ಹಣ್ಣು ಕೊಳ್ಳುವ ಕೂಲಿಯವನೂ ಬಡವನೇ ಅಲ್ಲವೆ? ಮುದ್ರೆ ಹಾಕಿಸುವ ಬಗೆಯನ್ನು ತಿಳಿಸಿ, ಹಾಕಿಸಿದುದನ್ನು ಮರಳಿ ಬಂದು ನೋಡುವವನು ದಯೆಯನ್ನೂ ಬಿಟ್ಟಿಲ್ಲ, ಕರ್ತವ್ಯವನ್ನೂ ಬಿಟ್ಟಿಲ್ಲ. 2006ರ ಆಹಾರ ಸುರಕ್ಷತೆಯ ಕಾಯಿದೆಯಲ್ಲಿ ಸುಧಾರಣೆಗಾಗಿ ನೋಟೀಸು ಕೊಟ್ಟು ಕಾಲಾವಕಾಶ ನೀಡುವ ಏರ್ಪಾಡೇ ಇದೆ. ದಯೆ ಬೇಕಾದರೆ ಅದಕ್ಕೆ ಕಾಯಿದೆಯೊಳಗೆ ಬಾಗಿಲುಗಳಿವೆ. ಐನೂರು ರೂಪಾಯಿ ತೆಗೆದುಕೊಂಡು ಬಿಟ್ಟುಬಿಟ್ಟು, ಪಾಪ, ಬಡವಿ ಎಂದು ಲೋಕದ ಮುಂದೆ ಹೇಳುವುದಕ್ಕೆ ಮಾತ್ರ ಬೇರೆ ಹೆಸರಿದೆ.

ಅಧಿಕಾರವು ಹುಲಿಯ ಸವಾರಿಯೆಂಬುದನ್ನು ಕಾಯಿದೆಯನ್ನು ಬರೆದವರೂ ಬಲ್ಲರು. ತಕ್ಕ ಆಧಾರವಿಲ್ಲವೆಂದು ತಿಳಿದೂ ಪೀಡಿಸಲೆಂದೇ ಶೋಧನೆ ಮಾಡಿದ ಅಧಿಕಾರಿಗೆ 2009ರ ಕಾಯಿದೆಯಲ್ಲಿ ಸೆರೆವಾಸವನ್ನು ಬರೆಯಲಾಯಿತು. ಆಹಾರದ ಮಾದರಿಯನ್ನು ನಾಲ್ಕು ಭಾಗ ಮಾಡಿ, ಒಂದು ಭಾಗವನ್ನು ವರ್ತಕನು ಕೇಳಿದರೆ ಬೇರೆ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂಬ ನಿಯಮವೂ ಇದೇ ಉದ್ದೇಶದ್ದು. ಈ ಕಟ್ಟಳೆಗಳನ್ನು ತೊಡಕೆಂದು ಬಗೆಯುವ ತರುಣನು ಆ ಹುದ್ದೆಗೆ ಅರ್ಜಿ ಹಾಕದಿರುವುದೇ ಲೇಸು.

ಭಯದ ಮಾತನ್ನೂ ಮರೆಮಾಚಬಾರದು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಎಂಬ ತರುಣರು ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ಉತ್ತರಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿದ್ದರು. ಕಲಬೆರಕೆಯ ಇಂಧನವನ್ನು ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಕೊಂಡುದಕ್ಕಾಗಿ 2005ರ ನವೆಂಬರಿನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ. ಮಗನನ್ನು ಇಂತಹ ಕೆಲಸಕ್ಕೆ ಕಳುಹಿಸುವ ತಾಯಿತಂದೆಗಳು ಇದನ್ನು ಅರಿತೇ ಕಳುಹಿಸಬೇಕು. ಎಲ್ಲರಿಗೂ ಗುಂಡು ಬೀಳುವುದಿಲ್ಲ. ಆದರೆ ವರ್ಷಕ್ಕೊಂದು ವರ್ಗಾವಣೆ, ಮೇಲಧಿಕಾರಿಯ ಮುನಿಸು, ಸುಳ್ಳು ದೂರುಗಳು ಬಹು ಜನರಿಗೆ ಬರುತ್ತವೆ.

ಬಂದಾಗ ಅವನನ್ನು ಎತ್ತಿ ಹಿಡಿಯುವುದು ಯಾವುದು? ಮನೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮಗೆ ಸಲ್ಲದ್ದು, ಮರಳಿ ಸುರಿದು ಬನ್ನಿರೆಂದು ಹೇಳಿದವರು ಲಕ್ಕಮ್ಮನವರು. ಗಮನಿಸಬೇಕು: ಮಾರಯ್ಯನವರು ಕದ್ದಿರಲಿಲ್ಲ, ನೆಲಕ್ಕೆ ಚೆಲ್ಲಿದ್ದ ಅಕ್ಕಿಯನ್ನೇ ತಂದಿದ್ದರು. ಆದರೂ ಆ ತಾಯಿಯ ಕಣ್ಣು ಸೆರಗಿನ ತೂಕವನ್ನು ಕಂಡುಹಿಡಿಯಿತು. ತನಿಖೆಯ ಇಲಾಖೆಗಳಿಗೆಲ್ಲ ಮೇಲಾದ ತನಿಖೆ ನಡೆದುದು ಆ ಗುಡಿಸಲಿನ ಬಾಗಿಲಲ್ಲಿ. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಹೆಣ್ಣು ಗಂಡಿನ ಮಾತುಕತೆಯಲ್ಲಿ, ಹುಡುಗನಿಗೆ ಸಂಬಳ ಸಾಧಾರಣವಾದರೂ ಹುದ್ದೆ ಒಳ್ಳೆಯದು ಎಂಬ ಮಾತು ಬರುತ್ತದೆ. ಕೇಳುವವರು ನಗುತ್ತಾರೆ, ಎಲ್ಲರಿಗೂ ಅರ್ಥವಾಗಿದೆ. ಸಂಬಳವನ್ನಲ್ಲದೆ ಗಿಂಬಳವನ್ನೂ ಎಣಿಸಿ ಮಗಳನ್ನು ಕೊಟ್ಟ ಮೇಲೆ, ಆ ಅಳಿಯನು ಶುದ್ಧನಾಗಿ ಬದುಕಲು ಹೊರಟರೆ ಮೊದಲ ವಿರೋಧವು ಅತ್ತೆಯ ಮನೆಯಿಂದಲೇ ಬರುತ್ತದೆ. ನೇಮಕಾತಿಗೆಂದು ಲಕ್ಷಗಟ್ಟಲೆ ಕೊಟ್ಟು, ಅದನ್ನು ಬಡ್ಡಿಸಹಿತ ಹಿಂಪಡೆಯಬೇಕೆಂದು ಕುಳಿತ ತಂದೆಯೂ ಅಷ್ಟೆ. ಕೊಡುವವನೂ ಅಪರಾಧಿಯೆಂದು 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ನಿಷೇಧ ಕಾಯಿದೆ ಹೇಳುತ್ತದೆ. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ದೂರು ಕೊಡಬೇಕು.

ಮಠಗಳೂ ಈ ಮಾತಿನ ಹೊರಗಿಲ್ಲ. ಜಾತ್ರೆಗೆ, ಪ್ರಸಾದನಿಲಯಕ್ಕೆ ಅಧಿಕಾರಿಯೊಬ್ಬರು ತಮ್ಮ ವರ್ಷದ ಸಂಬಳಕ್ಕೂ ಮೀರಿದ ಮೊತ್ತವನ್ನು ತಂದಾಗ ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಸತ್ಯಶುದ್ಧ ಕಾಯಕದಿಂದ ಬಂದುದಲ್ಲದೆ ದಾಸೋಹಕ್ಕೆ ಸಲ್ಲದೆಂಬುದು ಶರಣರ ಕಟ್ಟಳೆಯಾಗಿರಲು, ರಸೀದಿಯ ಮೇಲೆ ಹೆಸರನ್ನು ಬರೆಯುವ ಮುನ್ನ, ಇದು ಎಲ್ಲಿಯದು ಅಪ್ಪಾ ಎಂದು ಕೇಳುವುದು ಅವಮರ್ಯಾದೆಯಲ್ಲ. ಲಕ್ಕಮ್ಮನವರು ಗಂಡನನ್ನೇ ಕೇಳಿದರು.