ಚಿತ್ರ ಕೊಂಡವರು, ಚಿತ್ರ ಬರೆದವನು

ವಸ್ತುಸಂಗ್ರಹಾಲಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸತ್ತವರ ವಸ್ತುಗಳು. ಅರಸರ ಕತ್ತಿ, ನೆಲ ಅಗೆದಾಗ ಸಿಕ್ಕ ಮಡಕೆ, ತಲೆಯಿಲ್ಲದ ವಿಗ್ರಹ. ಇವುಗಳ ಒಡೆಯರು ಎದ್ದು ಬಂದು ಲೆಕ್ಕ ಕೇಳುವುದಿಲ್ಲ. ಆದರೆ ಗೋಡೆಯ ಮೇಲೆ ತೂಗಿರುವ ಚಿತ್ರವನ್ನು ಬರೆದವನು ಬದುಕಿದ್ದರೆ? ಅವನಿಗೆ ಹಸಿವಿದೆ, ಸಂಸಾರವಿದೆ, ಊರಿನ ನೆನಪಾಗುತ್ತದೆ. ಹಣ ಕೊಟ್ಟು ರಸೀದಿ ಪಡೆದ ಮಾತ್ರಕ್ಕೆ ಅವನ ಋಣ ತೀರುತ್ತದೆಯೇ?

ಈ ಪ್ರಶ್ನೆಗೆ ಜನಗಢ ಸಿಂಗ್ ಶ್ಯಾಮ್ ಅವರ ಬದುಕಿಗಿಂತ ದೊಡ್ಡ ಉದಾಹರಣೆ ನಮಗೆ ಕಾಣುವುದಿಲ್ಲ. ಅವರು ಮಧ್ಯಪ್ರದೇಶದ ಪಾಟನ್‌ಗಢ ಎಂಬ ಹಳ್ಳಿಯ ಪರಧಾನ ಗೊಂಡ. ಬಾನಾ ಎಂಬ ತಂತಿವಾದ್ಯ ನುಡಿಸುತ್ತ ಗೊಂಡ ಯಜಮಾನರ ಮನೆಗಳಲ್ಲಿ ವಂಶಾವಳಿ ಮತ್ತು ದೇವರ ಕತೆ ಹಾಡುವುದು ಪರಧಾನರ ಕುಲಕಸುಬು. ಹಾಡಿದವರಿಗೆ ಯಜಮಾನರು ಕಾಣಿಕೆ ಕೊಡಬೇಕು. ಆ ಸಂಬಂಧದಲ್ಲಿ ಮೇಲು ಕೀಳು ಇರಲೇ ಇಲ್ಲವೆಂದು ನಾವು ಹೇಳಲಾರೆವು. ಆದರೂ ಯಾರು ಯಾರಿಗೆ ಏನು ಸಲ್ಲಿಸಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಹಾಡಿ ಮುಗಿಸಿದವನು ತನ್ನ ಮನೆಗೆ ಮರಳುತ್ತಿದ್ದ.

1982ರಲ್ಲಿ ಭೋಪಾಲದಲ್ಲಿ ಭಾರತ ಭವನ ತೆರೆಯಿತು. ಅಲ್ಲಿನ ಕಲಾ ಸಂಗ್ರಹಾಲಯದ ಹೊಣೆ ಹೊತ್ತಿದ್ದ ಚಿತ್ರಕಾರ ಜೆ. ಸ್ವಾಮಿನಾಥನ್ ಹಳ್ಳಿ ಹಳ್ಳಿಗೆ ತಂಡಗಳನ್ನು ಕಳಿಸಿದ್ದರು. ಮಣ್ಣಿನ ಗೋಡೆಯ ಮೇಲೆ ಜನಗಢ ಬರೆದಿದ್ದ ಚಿತ್ರ ಅವರ ಕಣ್ಣಿಗೆ ಬಿತ್ತು. ಹುಡುಗನನ್ನು ಭೋಪಾಲಕ್ಕೆ ಕರೆತಂದರು, ಕಾಗದ ಬಣ್ಣ ಕೊಟ್ಟರು, ಭವನದಲ್ಲೇ ನೌಕರಿಯನ್ನೂ ಕೊಟ್ಟರು. ಆದಿವಾಸಿಯ ಚಿತ್ರವನ್ನೂ ನಗರದ ಕಲಾವಿದನ ಚಿತ್ರವನ್ನೂ ಒಂದೇ ಸೂರಿನಡಿ ಸರಿಸಮನಾಗಿ ಇಟ್ಟರು. 1986ರಲ್ಲಿ ರಾಜ್ಯ ಸರಕಾರದ ಶಿಖರ ಸಮ್ಮಾನ, 1989ರಲ್ಲಿ ಪ್ಯಾರಿಸ್ಸಿನ ಪಾಂಪಿದು ಕೇಂದ್ರದ ಪ್ರದರ್ಶನ. ಅವರ ಬೆನ್ನಿಗೆ ಬಂಧುಗಳೂ ಬಂದು ಕುಂಚ ಹಿಡಿದರು. ಆ ಶೈಲಿಗೆ ಇಂದು ಜನಗಢ ಕಲಂ ಎಂಬ ಹೆಸರೇ ಇದೆ. ಸಂಗ್ರಹಾಲಯವೊಂದು ಇಷ್ಟು ಮಾಡಬಲ್ಲದು ಎಂಬುದನ್ನು ಮರೆತು ಬರೀ ದೂರುವುದು ನ್ಯಾಯವಲ್ಲ.

ಆದರೆ 2001ರಲ್ಲಿ ಅದೇ ಜನಗಢ ಜಪಾನಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ನೀಗಾತಾ ಪ್ರಾಂತದ ತೋಕಾಮಾಚಿಯಲ್ಲಿ ಮಿಥಿಲಾ ಮ್ಯೂಸಿಯಂ ಇದೆ. ಭಾರತದ ಜಾನಪದ ಚಿತ್ರಕಾರರನ್ನು ಕರೆಸಿ, ಅಲ್ಲೇ ಇರಿಸಿಕೊಂಡು ಚಿತ್ರ ಬರೆಸುವುದು ಅದರ ರೂಢಿ. ಜನಗಢ ಹಾಗೆಯೇ ಹೋಗಿದ್ದರು. ಆಗ ವಯಸ್ಸು ನಲವತ್ತರ ಆಸುಪಾಸು. ಸಾವಿನ ಸುದ್ದಿ ಬಂದಾಗ ಇಲ್ಲಿನ ಕಲಾವಿದರು ಕೇಳಿದ ಪ್ರಶ್ನೆಗಳು ಸರಳವಾಗಿದ್ದವು: ತಿಂಗಳಿಗೆ ಕೊಟ್ಟದ್ದೆಷ್ಟು? ಪಾಸ್‌ಪೋರ್ಟ್ ಯಾರ ಕೈಯಲ್ಲಿತ್ತು? ವಾಸದ ಅವಧಿ ಮುಂದುವರಿಸಿದ್ದು ಯಾರ ಇಚ್ಛೆಯಿಂದ? ಮನುಷ್ಯನೊಬ್ಬ ಜೀವ ಕಳೆದುಕೊಳ್ಳುವ ಕಾರಣವನ್ನು ಹೊರಗೆ ನಿಂತವರು ತೀರ್ಮಾನಿಸಲಾಗದು. ಒಂದು ಸಂಸ್ಥೆಯ ತಲೆಗೆ ಅದನ್ನು ಕಟ್ಟುವ ಉದ್ದೇಶ ನಮಗಿಲ್ಲ. ಆದರೆ ಈ ಪ್ರಶ್ನೆಗಳನ್ನು ಸಾವಿನ ನಂತರ ಕೇಳಬೇಕಾಯಿತಲ್ಲ! ಕಲಾವಿದನನ್ನು ಕಳಿಸುವ ಮೊದಲೇ ಕೇಳಬೇಕಾದವರು ಯಾರು?

ಉರ್ದುವಿನಲ್ಲಿ ಎರಡು ಪದಗಳಿವೆ, ಫನ್‌ಕಾರ್ ಮತ್ತು ಕಾರೀಗರ್. ಫನ್‌ಕಾರನಿಗೆ ಸಹಿ ಇದೆ, ಬೆಲೆ ಇದೆ, ಒಲ್ಲೆನೆನ್ನುವ ಹಕ್ಕಿದೆ. ಕಾರೀಗರನಿಗೆ ಇರುವುದು ಕೂಲಿ. ಗೋಡೆಗೆ ಚಿತ್ರ ತೂಗುಹಾಕುವಾಗ ಆದಿವಾಸಿಯನ್ನು ಫನ್‌ಕಾರ್ ಎನ್ನುತ್ತೇವೆ, ಲೆಕ್ಕಪತ್ರ ಬರೆಯುವಾಗ ಕಾರೀಗರ್ ಎನ್ನುತ್ತೇವೆ. (ನಾವು ಕತೆಗಾರರಿಗೂ ಇದು ಹೊಸದಲ್ಲ. ಸಮಾರಂಭದಲ್ಲಿ ಶಾಲು ಹೊದಿಸುವವರು ಸಂಭಾವನೆಯ ಮಾತು ಬಂದಾಗ ಗಡಿಯಾರ ನೋಡುತ್ತಾರೆ.)

ಕೊಂಡವನಿಗೆ ಎಲ್ಲವೂ ಸಿಗುವುದಿಲ್ಲ ಎಂದು ನಮ್ಮ ಕಾನೂನೇ ಹೇಳುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ್ದ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಸರಕಾರ ಕಿತ್ತು ಉಗ್ರಾಣಕ್ಕೆ ಹಾಕಿತ್ತು. ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ತೀರ್ಪಿತ್ತಿತು. ಸೆಹಗಲ್ ವಕೀಲರನ್ನು ಇಟ್ಟುಕೊಂಡು ವರ್ಷಗಟ್ಟಲೆ ಕಾದಾಡಬಲ್ಲವರಾಗಿದ್ದರು. ಪಾಟನ್‌ಗಢದ ಹುಡುಗನಿಗೆ ಅದು ಸಾಧ್ಯವೇ? ಚಿತ್ರ ಮರುಮಾರಾಟವಾಗಿ 10,000 ರೂಪಾಯಿಗಿಂತ ಹೆಚ್ಚು ಬೆಲೆ ತಂದರೆ ಕಲಾವಿದನಿಗೋ ಅವನ ವಾರಸುದಾರರಿಗೋ ಪಾಲು ಕೊಡಬೇಕೆಂದೂ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿದೆ. 2010ರಲ್ಲಿ ಜನಗಢರ ಒಂದು ಚಿತ್ರ ನ್ಯೂಯಾರ್ಕಿನ ಸೋದೆಬಿ ಹರಾಜಿನಲ್ಲಿ 31,250 ಡಾಲರಿಗೆ ಹೋಯಿತು. ನಮ್ಮ ಕಾಯ್ದೆಯ ಕೈ ಅಷ್ಟು ದೂರ ಚಾಚುವುದಿಲ್ಲ.

ಹಾಗಾಗಿ ಕಾನೂನಿಗಿಂತ ಮೊದಲು ನಮಗೆ ಕರಾರಿನ ಕಾಗದವೇ ಮುಖ್ಯವಾಗಿ ತೋರುತ್ತದೆ. ಅದು ಯಾವ ಭಾಷೆಯಲ್ಲಿದೆ? ಸಹಿ ಹಾಕುವವನು ಓದಬಲ್ಲನೇ, ಓದಲಾರದವನಿಗೆ ಅವನ ಕಡೆಯವರೇ ಯಾರಾದರೂ ಓದಿ ಹೇಳಿದರೇ? ಇಂತಿಷ್ಟು ಚಿತ್ರ ಎಂದು ಬರೆದ ಕಡೆ ಮರಳುವ ದಿನಾಂಕವನ್ನೂ ಬರೆದಿದೆಯೇ? ಮುಂದಿನ ಬಾರಿ ಕಲಾವಿದನೊಬ್ಬ ವಿಮಾನ ಹತ್ತುವಾಗ ಟಿಕೆಟ್ಟೂ ಪಾಸ್‌ಪೋರ್ಟೂ ಅವನದೇ ಜೇಬಿನಲ್ಲಿವೆಯೇ ಎಂದು, ಹಾರ ಹಾಕಿ ಬೀಳ್ಕೊಡಲು ಹೋದವರಲ್ಲಿ ಒಬ್ಬರಾದರೂ ಕೇಳಲಿ.