ದಾನವಲ್ಲ, ಸಲ್ಲಬೇಕಾದ ಪಾಲು



ಕೆಲವು ವರ್ಷಗಳ ಹಿಂದೆ ನಾನು ಬಯಲುಸೀಮೆಯ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಒಂದು ಸಂಜೆ ಹತ್ತಿರದ ಹಳ್ಳಿಯಿಂದ ಒಬ್ಬರು ಕೋಲೂರಿಕೊಂಡು ಗುರುನಿವಾಸಕ್ಕೆ ಬಂದರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವರ ಒಂದು ಕಾಲಿನ ಬಲ ಹೋಗಿತ್ತು. ಮನೆ ಕೊಡುವ ಪಟ್ಟಿಯಲ್ಲಿ ಅವರ ಹೆಸರನ್ನು ಗ್ರಾಮಸಭೆಯಲ್ಲಿ ಓದಿದ್ದರಂತೆ. ಅಂತಿಮ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಕಾರಣ ಕೇಳಿದರೆ, “ಖರ್ಚಿಗೆ ಸ್ವಲ್ಪ ಕೊಟ್ಟರೆ ನೋಡೋಣ” ಎಂದರಂತೆ ಒಬ್ಬರು. “ನಿನಗ ಮಾಸಾಶನ ಬರತೈತಲ್ಲ, ಮನಿನೂ ಬೇಕೇನು?” ಎಂದರಂತೆ ಇನ್ನೊಬ್ಬರು. ಅರ್ಜಿಯ ಮೇಲೆ ಅರ್ಜಿ ಬರೆದ ಅವರಿಗೆ ಊರಿನವರು “ಜಗಳಗಂಟ” ಎಂಬ ಹೆಸರಿಟ್ಟಿದ್ದರು.

ನಾನು ಮಾಡಿದ್ದೇನು? ಐದು ನೂರು ರೂಪಾಯಿ ಅವರ ಕೈಯಲ್ಲಿಟ್ಟು, “ಎಲ್ಲರ ಜೊತೆ ಹೊಂದಿಕೊಂಡು ಹೋಗಿ” ಎಂದು ಬುದ್ಧಿ ಹೇಳಿದೆ. ಅವರು ಹಣವನ್ನು ಮೇಜಿನ ಮೇಲಿಟ್ಟು, “ಫಾದರ್, ನನಗ ದಾನ ಬ್ಯಾಡ್ರಿ. ನನ್ನ ಪಾಲು ಏನೈತಿ, ಅದು ಬೇಕ್ರಿ” ಎಂದು ಎದ್ದು ಹೋದರು. ಸೆಮಿನರಿಯಲ್ಲಿ ನೀತಿಶಾಸ್ತ್ರದ ಪರೀಕ್ಷೆ ಪಾಸು ಮಾಡಿದ್ದ ನನಗೆ ಆ ದಿನ ಪಾಠ ಹೇಳಿದವರು ಅವರು.

ಅವರಿಗೆ ನಿಜವಾಗಿ ತಾರತಮ್ಯವಾಗಿತ್ತೇ, ಅಥವಾ ಹಾಗೆ ಅನಿಸಿತ್ತೇ? ಈ ಪ್ರಶ್ನೆ ನ್ಯಾಯವಾದದ್ದೇ. ನೊಂದವನ ನೋವೇ ಸಾಕ್ಷ್ಯವಾಗುವುದಿಲ್ಲ. ಅವರಿಗಿಂತ ಕಷ್ಟದಲ್ಲಿದ್ದ ವಿಧವೆಯೊಬ್ಬಳಿಗೆ ಆ ಮನೆ ಹೋಗಿದ್ದಿರಲೂಬಹುದು. ಆದರೆ ಇದನ್ನು ತಿಳಿಯಲು ಇರುವ ದಾರಿ ಒಂದೇ: ಪುಸ್ತಕ ತೆರೆದು ತೋರಿಸುವುದು. ಲೆಕ್ಕ ತೆರೆದಿಟ್ಟಲ್ಲಿ ಸುಳ್ಳು ಅನುಮಾನ ತಾನಾಗಿ ಸಾಯುತ್ತದೆ. ಮುಚ್ಚಿಟ್ಟವರಿಗೆ “ಇವನು ಸುಮ್ಮನೆ ಸಂಶಯಪಡುತ್ತಾನೆ” ಎಂದು ದೂರುವ ಹಕ್ಕಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಅವರ ಮೇಲೆ ಬೊಕ್ಕಸದ ಹಣದ ಬಗ್ಗೆ ಚಾಡಿ ಹುಟ್ಟಿದಾಗ, ಅವರು ಭಂಡಾರದ ಲೆಕ್ಕವನ್ನೇ ಮುಂದಿಟ್ಟರೆಂದು ಜನ ಇಂದಿಗೂ ಕಥೆ ಹೇಳುತ್ತಾರೆ.

ಅದೇ ಸೀಮೆಯ, ನಿಡಗುಂದಿ ಬಳಿಯ ಗೊಳಸಂಗಿಯಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿಯ ಒಬ್ಬ ಅಂಗವಿಕಲರಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸವಿದೆ, ಅಥವಾ ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆಯಿದೆ. “ನಾಳೆ ಬಾ” ಎಂಬ ಮಾತು ನನಗೆ ಒಂದು ಬಸ್ ಚಾರ್ಜಿನ ನಷ್ಟ. ಅವರಿಗಾದರೋ ಜೊತೆಗೆ ಬಂದವರ ಕೂಲಿಯೂ ಹೋಯಿತು. ಬಸ್ಸಿನ ಎತ್ತರದ ಮೆಟ್ಟಿಲನ್ನು ಮತ್ತೆ ಹತ್ತಬೇಕು. ಕಚೇರಿ ಮಹಡಿಯ ಮೇಲಿದ್ದರೆ ಕೆಳಗೇ ಕಾಯಬೇಕು. ಗುಮಾಸ್ತ ಎಲ್ಲರಿಗೂ ಅದೇ ಮಾತು ಹೇಳಿರಬಹುದು, ಮನಸ್ಸಿನಲ್ಲಿ ದ್ವೇಷವೂ ಇರಲಿಕ್ಕಿಲ್ಲ. ಆದರೂ ಆ ಮಾತಿನ ಭಾರ ಎಲ್ಲರ ಮೇಲೂ ಒಂದೇ ಅಲ್ಲ. ತಾರತಮ್ಯಕ್ಕೆ ಕೆಟ್ಟ ಮನಸ್ಸೇ ಬೇಕೆಂದಿಲ್ಲ, ಯೋಚಿಸದ ಮನಸ್ಸು ಸಾಕು.

ಇವರೇನೂ ಬೆರಳೆಣಿಕೆಯ ಜನರಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. 1995ರಲ್ಲಿ ದೇಶವು ಅವರಿಗಾಗಿ ಒಂದು ಕಾಯಿದೆ ತಂದಿತು. 2016ರಲ್ಲಿ ಅದರ ಜಾಗಕ್ಕೆ ವಿಕಲಚೇತನರ ಹಕ್ಕುಗಳ ಕಾಯಿದೆ ಬಂತು. ಹೆಸರಲ್ಲಿಯೇ ಇರುವ ‘ಹಕ್ಕು’ ಎಂಬ ಪದವನ್ನು ಗಮನಿಸಿರಿ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಸರ್ಕಾರಿ ಉದ್ಯೋಗದಲ್ಲಿ ಶೇಕಡಾ 4, ಬಡತನ ನಿವಾರಣೆಯ ಯೋಜನೆಗಳಲ್ಲಿಯೂ ವಸತಿ ಹಂಚಿಕೆಯಲ್ಲಿಯೂ ಶೇಕಡಾ 5 ಮೀಸಲು ಇರಬೇಕೆಂದು ಅದು ಹೇಳುತ್ತದೆ. ಇದು ಯಾರ ಕೃಪೆಯೂ ಅಲ್ಲ.

ಪ್ರತಿಯೊಬ್ಬನಿಗೂ ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ದೃಢಮನಸ್ಸೇ ನ್ಯಾಯ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ನ್ಯಾಯವಾಗಿ ಸಲ್ಲಬೇಕಾದುದನ್ನು ಧರ್ಮದ ಕೊಡುಗೆ ಎಂಬಂತೆ ಕೊಡಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯ ಕುರಿತ ತನ್ನ ದಾಖಲೆಯಲ್ಲಿ ಎಚ್ಚರಿಸಿತು. ಇಲ್ಲಿಂದ ನೋಡಿದರೆ ಲಂಚ ಮತ್ತು ತಾರತಮ್ಯ ಎರಡರ ಬೇರೂ ಒಂದೇ ಎಂಬುದು ಕಾಣುತ್ತದೆ. ಲಂಚಕೋರನು ಹಕ್ಕನ್ನು ಕಿತ್ತುಕೊಂಡು ಅದನ್ನೇ ಉಪಕಾರವಾಗಿ ಮಾರುತ್ತಾನೆ. ತಾರತಮ್ಯ ಮಾಡುವವನು ಹಕ್ಕನ್ನು ಕಿತ್ತುಕೊಂಡು ಅದನ್ನೇ ಕನಿಕರವಾಗಿ ಹಂಚುತ್ತಾನೆ. ಬೆಲೆ ಮಾತ್ರ ಬೇರೆ: ಒಬ್ಬನಿಗೆ ಹಣ ಬೇಕು, ಇನ್ನೊಬ್ಬನಿಗೆ ಬಾಗಿದ ತಲೆ ಬೇಕು. ಅಂದು ಐದು ನೂರು ರೂಪಾಯಿ ಕೊಟ್ಟ ನಾನೂ ಆ ತಲೆ ಬಾಗಲೆಂದೇ ಬಯಸಿದ್ದೆ.

ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವನ್ನು ತೆರೆದು ನೋಡಿರಿ. ಕಿವುಡರನ್ನು ಶಪಿಸಬಾರದು, ಕುರುಡರ ಮುಂದೆ ಎಡವುಗಲ್ಲು ಇಡಬಾರದು ಎಂಬ ಆಜ್ಞೆ ಹದಿನಾಲ್ಕನೆಯ ವಚನದಲ್ಲಿದೆ. ತೀರ್ಪು ಕೊಡುವಾಗ ಮುಖ ನೋಡಬಾರದು ಎಂಬ ಆಜ್ಞೆ ಅದರ ಮರುವಚನದಲ್ಲಿಯೇ ಇದೆ. ದೇವರು ಇವೆರಡನ್ನೂ ಒಟ್ಟಿಗೇ ಇಟ್ಟಿದ್ದಾರೆ.

“ಹಾಗಾದರೆ ಗತಿಯಿಲ್ಲದೆ ಲಂಚ ಕೊಟ್ಟವರದೂ ಪಾಪವೇ?” ಎಂದು ಕೆಲವರು ಪಾಪನಿವೇದನೆಯಲ್ಲಿ ಕೇಳುತ್ತಾರೆ. ಇನ್ನೊಬ್ಬರ ಪಾಲನ್ನು ಹಾರಿಸಲು ಹಣ ಕೊಡುವವನು ಅನ್ಯಾಯದಲ್ಲಿ ಪಾಲುದಾರ. ತನ್ನದೇ ಹಕ್ಕಿಗಾಗಿ ಸುಲಿಗೆಗೆ ಸಿಕ್ಕಿದವನು ಮೊದಲಿಗೆ ನೊಂದವನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ತಡೆ ಕಾಯಿದೆಯೂ ಲಂಚ ಕೊಡುವುದನ್ನು ಅಪರಾಧವೆಂದು ಹೇಳಿ, ಬಲವಂತಕ್ಕೆ ಒಳಗಾಗಿ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಅವರನ್ನು ಹೊರಗಿಟ್ಟಿದೆ. ಆದರೆ ಸುಲಿಗೆಗೆ ಸಿಕ್ಕವನು ಸುಮ್ಮನಾದರೆ, ಮುಂದಿನವನ ಸುಲಿಗೆಗೆ ದಾರಿಯಾಗುತ್ತದೆ. ಆದುದರಿಂದಲೇ ಒಬ್ಬ “ಜಗಳಗಂಟ” ಇಡೀ ಊರಿಗೆ ಉಪಕಾರಿ.

ಜೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯನು ಕೂಗಿದಾಗ ಅವನ ಬಾಯಿ ಮುಚ್ಚಿಸಲು ನೋಡಿದವರು ಯಾರು? ಯೇಸುವಿನ ಸುತ್ತ ಇದ್ದ ಜನರೇ! ಅವನು ಇನ್ನೂ ಗಟ್ಟಿಯಾಗಿ ಕೂಗಿದ. ಪ್ರಭು ನಿಂತರು, ಅವನನ್ನು ಕರೆಸಿದರು, ಏನು ಬೇಕೆಂದು ಅವನನ್ನೇ ಕೇಳಿದರು. ಕಫೆರ್ನವುಮಿನಲ್ಲಿ ಬಾಗಿಲ ತುಂಬ ಜನ ನಿಂತು ಪಾರ್ಶ್ವವಾಯು ರೋಗಿಗೆ ದಾರಿಯೇ ಇಲ್ಲದಿದ್ದಾಗ, ನಾಲ್ವರು ಮನೆಯ ಮೇಲ್ಛಾವಣಿಯನ್ನೇ ತೆರೆದು ಅವನನ್ನು ಕೆಳಗಿಳಿಸಿದರು. ಪ್ರಭು ಮುರಿದ ಛಾವಣಿಗಾಗಿ ಬೇಸರಪಡಲಿಲ್ಲ, ಆ ನಾಲ್ವರ ವಿಶ್ವಾಸವನ್ನು ಕಂಡರು.

ಪ್ರಿಯರೇ, ನಾವು ಯಾರ ಸಾಲಿನಲ್ಲಿದ್ದೇವೆ? ಬಾಗಿಲಿಗೆ ಅಡ್ಡ ನಿಂತವರಲ್ಲೋ, ಹೊತ್ತು ತಂದವರಲ್ಲೋ? ಆ ಸಂಜೆಯ ನಂತರ ಒಂದು ವಾರಕ್ಕೆ ನಾನು ಅವರ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಇಬ್ಬರೂ ಕೂತು ಅರ್ಜಿ ಬರೆದೆವು. ಪಟ್ಟಿಯ ನಕಲು ಬಂತು. ಅವರ ಹೆಸರಿನ ಮೇಲೆ ಗೆರೆ ಎಳೆದಿತ್ತು, ಕಾರಣ ಬರೆದಿರಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅವರು ಆ ಹಾಳೆಯನ್ನು ಎತ್ತಿ ಹಿಡಿದು ಕೇಳಿದಾಗ, ನಮ್ಮ ಧರ್ಮಕೇಂದ್ರದ ಮೂವರು ಅವರ ಪಕ್ಕದಲ್ಲಿ ಕುಳಿತಿದ್ದರು. ಮನೆ ಸಿಗಲು ಮತ್ತೆ ಎರಡು ವರ್ಷ ಹಿಡಿಯಿತು.

ನಿಮ್ಮಲ್ಲಿ ಸರ್ಕಾರಿ ಕಚೇರಿಯಲ್ಲಿ ದುಡಿಯುವವರಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ. ಅನ್ಯಾಯವಾಗಿ ಪಡೆದುದನ್ನು ಜಕ್ಕಾಯನು ಹಿಂದಿರುಗಿಸಿದ್ದನ್ನು ನೆನೆಯಿರಿ. ಬರೀ ಪಶ್ಚಾತ್ತಾಪದ ಪ್ರಾರ್ಥನೆಯಿಂದ ಆ ಸಾಲ ತೀರುವುದಿಲ್ಲ. ಉಳಿದವರು ನಿಮ್ಮೂರಿನ ಗ್ರಾಮಸಭೆಗೆ, ವರ್ಷದ ಲೆಕ್ಕ ಓದುವ ಜಮಾಬಂದಿಗೆ ಹೋಗಿರಿ. ಒಬ್ಬಂಟಿಯಾಗಿ ಪ್ರಶ್ನೆ ಕೇಳುವವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಬರುವ ಭಾನುವಾರ ಬಲಿಪೂಜೆಗೆ ಬಂದಾಗ ನಮ್ಮ ದೇವಾಲಯದ ಮೆಟ್ಟಿಲುಗಳನ್ನೂ ಒಮ್ಮೆ ಎಣಿಸಿರಿ. ಆ ಮೆಟ್ಟಿಲುಗಳ ಕಾರಣದಿಂದ ಮನೆಯಲ್ಲೇ ಉಳಿದವರು ಯಾರೆಂದು ವಿಚಾರಿಸಿರಿ.