ಆಟದ ನಡುವೆ ನಿಯಮ

ಕಳೆದ ಬೇಸಿಗೆ ರಜೆಯಲ್ಲಿ ಉಡುಮಲೈಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಅನ್ಯಾಯ ನಡೆಯಿತು. ಅದನ್ನು ಎಸಗಿದವರು ನಾವೇ.

ಮೊಮ್ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆ ಬರೆದು ಚೌಕಾಬಾರಕ್ಕೆ ಕುಳಿತಿದ್ದರು. ನಾಲ್ಕು ಕವಡೆ, ನಾಲ್ಕೂ ಬಾಯಿ ತೆರೆದು ಬಿದ್ದರೆ ಚೌಕ, ನಾಲ್ಕೂ ಮಗುಚಿದರೆ ಬಾರ, ಅಂದರೆ ಎಂಟು. ನಮ್ಮ ಮನೆಯ ಕಟ್ಟಳೆಯಂತೆ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವನು ಒಳಸುತ್ತಿಗೆ ಹೋಗುವಂತಿಲ್ಲ. ಏಳು ವರ್ಷದ ಕಿರಿಯ ಮೊಮ್ಮಗನಿಗೆ ಒಂದೂ ಕಡಿತ ಸಿಗದೆ, ಅವನ ಕಾಯಿಗಳು ಗಾಣದೆತ್ತಿನಂತೆ ಹೊರಸುತ್ತನ್ನೇ ಸುತ್ತುತ್ತಿದ್ದವು. ಅವನ ಕಣ್ಣು ತುಂಬಿದ್ದನ್ನು ಕಂಡು, “ಚಿಕ್ಕವನು, ಒಳಗೆ ಬಿಡಿ” ಎಂದೆವು. ಸ್ವಲ್ಪ ಹೊತ್ತಿನಲ್ಲೇ ಅವನ ಕಾಯಿಗಳೆಲ್ಲ ಹಣ್ಣಾಗಿ ಅವನೇ ಗೆದ್ದ. ಹದಿನಾಲ್ಕರ ಮೊಮ್ಮಗಳು ಕವಡೆಗಳನ್ನು ಒಟ್ಟುಮಾಡುತ್ತ, “ತಾತ, ಆ ರೂಲ್ ಬೇಡ ಅಂದ್ರೆ ಮೊದಲೇ ಹೇಳ್ಬೇಕಿತ್ತು. ಅವನಿಗೆ ಸಿಗಬಾರ್ದು ಅಂತ ನಾನು ಕಟ್ಟೆ ಬಿಟ್ಟು ಏಳ್ಲೇ ಇಲ್ಲ” ಎಂದಳು. ಜೀವಮಾನವೆಲ್ಲ ಮಕ್ಕಳ ತಂಟೆ ತೀರ್ಮಾನಿಸಿದ ನಮಗೆ ಉತ್ತರ ತೋಚಲಿಲ್ಲ.

ನಿಯಮವೆಂಬುದು ಬದಲಾಗಲೇಬಾರದು ಎಂದು ನಾವು ವಾದಿಸುವವರಲ್ಲ. ಕೊಯಮತ್ತೂರು, ತಿರುಪ್ಪೂರು, ಸಿರುಮುಗೈ ಕಡೆಯ ಕನ್ನಡ ಮನೆಗಳಲ್ಲಿ ಬೆಳೆದವರಿಗೆ ಹಾಗೆ ವಾದಿಸುವುದು ಸಾಧ್ಯವೂ ಇಲ್ಲ. ದೇವಾಂಗರ ಬೀದಿಯ ಜಗಲಿಗಳಲ್ಲಿ ನಮ್ಮ ಚೌಕಾಬಾರಕ್ಕೆ ನೆರೆಯ ತಮಿಳರ ದಾಯದ ನೆಂಟಸ್ತಿಕೆ ಬೆಳೆದು ಬಹುಕಾಲವಾಯಿತು. ಅವರದು ಹಿತ್ತಾಳೆಯ ಉದ್ದನೆಯ ಜೋಡಿ ದಾಳ. ಒಂದು, ಅಂದರೆ ‘ದಾಯ’, ಬೀಳುವವರೆಗೆ ಕಾಯಿಗೆ ಹುಟ್ಟೇ ಇಲ್ಲ. ಆ ಕಟ್ಟಳೆಯನ್ನು ಕೆಲವು ಮನೆಗಳವರು ಕವಡೆಯಾಟಕ್ಕೂ ತಂದುಕೊಂಡರು. ಚೌಕ, ಬಾರ ಸತತವಾಗಿ ಮೂರು ಸಲ ಬಿದ್ದರೆ ಒಬ್ಬರ ಮನೆಯಲ್ಲಿ ಎಲ್ಲವೂ ಸುಟ್ಟುಹೋಗುತ್ತದೆ, ಇನ್ನೊಬ್ಬರ ಮನೆಯಲ್ಲಿ ಎಲ್ಲವೂ ಲಾಭ. ತವರಿನದೊಂದು ಕ್ರಮ, ಅತ್ತೆಮನೆಯದೊಂದು ಕ್ರಮ. ಆದುದರಿಂದಲೇ ಹೊಸ ಸೊಸೆಯೊಡನೆ ಕೂರುವ ಮುನ್ನ ಹಿರಿಯರು, “ನಿಮ್ಮಲ್ಲಿ ಹೆಂಗಮ್ಮ ಆಡ್ತೀರಿ?” ಎಂದು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ನಾವು ಬಾಲ್ಯದಲ್ಲಿ ಬರಿಯ ಉಪಚಾರವೆಂದು ಭಾವಿಸಿದ್ದೆವು.

ಇದೇ ವಿಷಯ ಇನ್ನೊಂದು ವೇಷದಲ್ಲಿ ನಮ್ಮೆದುರು ಬಂದದ್ದು ಹಿರಿಯ ಮೊಮ್ಮಗನಿಂದ. ಅವನು ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರಗಳಲ್ಲಿ ಪೀಳಮೇಡಿನ ಗೆಳೆಯನೊಬ್ಬನ ಮನೆಯಲ್ಲಿ ಐವರು ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಆಡುತ್ತಾರೆ. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ತಾವು ಏನು ಮಾಡುವೆವೆಂದು ನುಡಿಯುತ್ತಾರೆ. ಸಾಹಸ ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ತಾಳಮದ್ದಳೆಯಲ್ಲಿ ಪ್ರಸಂಗ ನಿಶ್ಚಿತ, ಅರ್ಥ ಮಾತ್ರ ಆ ಕ್ಷಣದ್ದು. ಇಲ್ಲಿಯೂ ಸರಿಸುಮಾರು ಹಾಗೆಯೇ, ಆದರೆ ಪ್ರಸಂಗದ ಕೊನೆಯೂ ಯಾರಿಗೂ ತಿಳಿಯದು. ಒಂದೇ ಕಥೆ ವರ್ಷಗಟ್ಟಲೆ ಸಾಗುವುದುಂಟು. ಕಳೆದ ವರ್ಷ ಬಂದಾಗ ಹುಡುಗ ಮುಖ ಸಣ್ಣದು ಮಾಡಿಕೊಂಡಿದ್ದ. 2024ರಲ್ಲಿ ಈ ಆಟದ ಪರಿಷ್ಕೃತ ಗ್ರಂಥ ಹೊರಬಂದಿತ್ತು. ಗೆಳೆಯನೊಬ್ಬ ಅದನ್ನು ಕೊಂಡು ತಂದು, ಇನ್ನು ಮುಂದೆ ಇದರಂತೆಯೇ ಆಡೋಣವೆಂದ. ಎರಡು ವರ್ಷದಿಂದ ಹಳೆಯ ಗ್ರಂಥದಂತೆ ಪಾತ್ರ ಬೆಳೆಸಿದ್ದ ಇಬ್ಬರು ಒಪ್ಪಲಿಲ್ಲ. ಗುಂಪು ಒಡೆಯುವ ಹಂತಕ್ಕೆ ಬಂದಿತ್ತು.

ಆಟದ ಗ್ರಂಥಕ್ಕೂ ಆವೃತ್ತಿಯೇ ಎಂದು ನಾವು ಮೊದಲು ನಕ್ಕೆವು. ಅವನು ಹೇಳಿದ ಇತಿಹಾಸ ಕೇಳಿದಮೇಲೆ ನಗು ನಿಂತಿತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಪ್ರಕಟಿಸಿದಾಗ, ನಿಯಮಗಳು ದಾರಿ ತೋರಲಿಕ್ಕೆ ಮಾತ್ರ, ಆಡುವವರು ತಮಗೆ ಹೊಂದುವಂತೆ ತಿದ್ದಿಕೊಳ್ಳಬಹುದು ಎಂಬುದೇ ಅದರ ಧೋರಣೆಯಾಗಿತ್ತು. 1989ರಲ್ಲಿ ಎರಡನೆಯ ಆವೃತ್ತಿ, 2000ದಲ್ಲಿ ಮೂರನೆಯದು. ಮೂರನೆಯದರೊಡನೆ, ಆ ನಿಯಮಗಳ ಮೇಲೆ ಇತರರೂ ಗ್ರಂಥ ಬರೆಯಬಹುದೆಂಬ ಮುಕ್ತ ಪರವಾನಗಿ ಬಂತು. 2008ರ ನಾಲ್ಕನೆಯದು ಆಟದ ರೂಪವನ್ನೇ ಬಹುವಾಗಿ ಬದಲಿಸಿತು. ಹಳೆಯದನ್ನು ಬಿಡಲೊಲ್ಲದವರಿಗಾಗಿ ಬೇರೊಂದು ಪ್ರಕಾಶನ ಸಂಸ್ಥೆ, ಆ ಮುಕ್ತ ಪರವಾನಗಿಯ ಬಲದಿಂದಲೇ, 2009ರಲ್ಲಿ ‘ಪಾತ್‌ಫೈಂಡರ್’ ಎಂಬ ಆಟವನ್ನು ತಂದಿತು. ಮೂಲ ಪ್ರಕಾಶಕರು ಐದನೆಯ ಆವೃತ್ತಿಗೆ ಮೊದಲು, 2012ರಿಂದ ಕರಡು ನಿಯಮಗಳನ್ನು ಆಟಗಾರರ ಕೈಗೇ ಕೊಟ್ಟು ಅವರ ಅಭಿಪ್ರಾಯ ಕೇಳಿ, 2014ರಲ್ಲಿ ಗ್ರಂಥವನ್ನು ಅಚ್ಚಿಗೆ ಕೊಟ್ಟರು. 2023ರ ಜನವರಿಯಲ್ಲಿ ಹಳೆಯ ಪರವಾನಗಿಯನ್ನು ಬದಲಿಸುವ ಯೋಚನೆ ಬಯಲಾಗಿ ದೊಡ್ಡ ಪ್ರತಿಭಟನೆಯೆದ್ದಿತು. ಅದೇ ತಿಂಗಳ ಕೊನೆಯಲ್ಲಿ ಆ ಯೋಚನೆಯನ್ನು ಕೈಬಿಟ್ಟು, ಮೂಲ ನಿಯಮಗಳನ್ನು ಹಿಂತೆಗೆದುಕೊಳ್ಳಲಾಗದ ಮುಕ್ತ ಪರವಾನಗಿಯಲ್ಲಿ ಇರಿಸಿದರು. ಆಟಗಾರರು ಹೊಸದನ್ನೇ ದ್ವೇಷಿಸುವವರಾಗಿದ್ದರೆ ಐದನೆಯ ಆವೃತ್ತಿ ಅಷ್ಟು ಜನಪ್ರಿಯವಾಗುತ್ತಿರಲಿಲ್ಲ. ತಮ್ಮನ್ನು ಕೇಳದೆ ಮಾಡಿದ್ದೇ ಅವರನ್ನು ಕೆರಳಿಸಿದ್ದೆಂದು ನಮಗೆ ತೋರುತ್ತದೆ.

ಹೊಸದನ್ನು ಮಾಡುವವರ ಸಂಭ್ರಮವೂ ನಮಗೆ ಅಪರಿಚಿತವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ‘ಚದ’ ಎಂಬ ಹೊಸ ಗಂಜೀಫಾ ಆಟಗಳಿವೆ. ರೂಢಿಯ ದಶಾವತಾರ ಗಂಜೀಫಾಕ್ಕೆ 120 ಎಲೆಗಳಾದರೆ, ಈ ಚದಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಮಿಕ್ಕಿದ ಎಲೆಗಳು. ಪಾಂಡಿತ್ಯಕ್ಕಾಗಲಿ ಚಿತ್ರಕಲೆಯ ಸೊಬಗಿಗಾಗಲಿ ಅಲ್ಲಿ ಕೊರತೆಯಿಲ್ಲ. ಆದರೂ ಅವು ಅರಮನೆಯ ಹೊರಗೆ ಬೇರುಬಿಡಲಿಲ್ಲ. ದೊರೆ ರಚಿಸಿದ ಆಟವಾದರೂ ಊರಿನವರು ತಮ್ಮ ಹಳೆಯ ಎಲೆಗಳನ್ನೇ ಹಿಡಿದು ಕುಳಿತರೆ ಯಾರೇನು ಮಾಡಬಲ್ಲರು? ಆ ಸ್ವಾತಂತ್ರ್ಯ ಜಗಲಿಯ ಮೇಲೆ ಕೂತವನಿಗೆ ಇತ್ತು.

ಅದಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಮಹಾಭಾರತದ ದ್ಯೂತಸಭೆಯೇ ಇದೆ. ಶಕುನಿಯ ಕಪಟವನ್ನು ಎಲ್ಲರೂ ಬಲ್ಲರು. ಆಟ ಆರಂಭವಾಗುವ ಮೊದಲೇ ನಡೆದ ಒಂದು ಬದಲಾವಣೆಯನ್ನು ಮಾತ್ರ ಹೆಚ್ಚು ಜನ ಗಮನಿಸುವುದಿಲ್ಲ. ಪಣ ನನ್ನದು, ಆಡುವವನು ನನ್ನ ಮಾವ ಎಂದು ದುರ್ಯೋಧನನು ಸೂಚಿಸುತ್ತಾನೆ. ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ತನಗೆ ಸರಿತೋರದೆಂದು ಧರ್ಮರಾಯ ಹೇಳುತ್ತಾನೆ, ಹೇಳಿಯೂ ಒಪ್ಪುತ್ತಾನೆ. ಆಟಕ್ಕೆ ಕರೆದರೆ ಹಿಂದೆಗೆಯಲಾರೆನೆಂಬ ವ್ರತ ಅವನನ್ನು ಕಟ್ಟಿಹಾಕಿತ್ತು. ಮೊದಲೇ ಹೇಳಿದ್ದಾಯಿತು, ಒಪ್ಪಿಗೆಯೂ ದೊರೆಯಿತು, ಮತ್ತೇನು ದೋಷ ಎಂದು ದುರ್ಯೋಧನನ ಪಕ್ಷದವರು ಕೇಳಬಹುದು. ಎದ್ದುಹೋಗಲಾರದವನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನಮ್ಮ ಮನಸ್ಸು ಒಡಂಬಡದು. ತನ್ನನ್ನು ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವೆಲ್ಲಿಯದು ಎಂದು ದ್ರೌಪದಿ ಕೇಳಿದ್ದೂ ಒಂದು ನಿಯಮದ ಪ್ರಶ್ನೆಯೇ. ಧರ್ಮ ಸೂಕ್ಷ್ಮವೆಂದು ಭೀಷ್ಮರು ಜಾರಿಕೊಂಡರು. ಅಂಥ ಹಿರಿಯರ ಬಗ್ಗೆ ನಾವು ಹೀಗೆ ಬರೆಯುವುದು ಉದ್ಧಟತನವೆನಿಸಬಹುದು. ಆದರೆ ಪಡಸಾಲೆಯಲ್ಲಿ ಮೊಮ್ಮಗಳೆದುರು ನಾವೂ ಅವರಂತೆಯೇ ಬಾಯಿಮುಚ್ಚಿ ಕುಳಿತೆವು.

ಹಾಗಾದರೆ ಅಳುವ ಮಗುವಿಗೆ ಕರುಣೆ ತೋರಬಾರದಿತ್ತೇ? ಈ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ನಾವು ತೋರಿದ ಕರುಣೆಗೆ ಬೆಲೆ ತೆತ್ತವಳು ಅಕ್ಕ. ನಮ್ಮ ಕೈಯಿಂದ ಏನೂ ಹೋಗಲಿಲ್ಲ. ಅವಳು ಅಷ್ಟು ಹೊತ್ತು ತಾಳ್ಮೆಯಿಂದ ಕಟ್ಟೆ ಕಾದದ್ದು ಒಂದು ಮಾತಿಗೆ ವ್ಯರ್ಥವಾಯಿತು. ಆಟಕ್ಕೆ ಮೊದಲೇ, ಕಿರಿಯನಿಗೆ ಕಡಿತದ ಕಟ್ಟಳೆ ಬೇಡ, ಒಪ್ಪುವಿಯಾ ಎಂದು ಕೇಳಿದ್ದರೆ ಅವಳು ನಕ್ಕು ಒಪ್ಪುತ್ತಿದ್ದಳು. ಅವಳ ಸ್ವಭಾವ ನಮಗೆ ಗೊತ್ತು. ಆಗ ಆ ಔದಾರ್ಯ ಅವಳದಾಗುತ್ತಿತ್ತು. ನಾವು ಅದನ್ನೂ ಅವಳಿಂದ ಕಿತ್ತುಕೊಂಡು ನಮ್ಮದೆಂದು ಹಂಚಿದೆವು. ಇನ್ನು ಚಿಕ್ಕವನ ವಿಷಯ: ಗೆದ್ದ ಮೇಲೆ ಅವನು ಕುಣಿಯಲಿಲ್ಲ. ಅಕ್ಕನ ಮುಖ ನೋಡುತ್ತಿದ್ದ. ಅವನಿಗೆ ಬೇಕಾಗಿದ್ದುದು ಹಣ್ಣಾಗುವುದಲ್ಲ, ಅಕ್ಕನ ಒಂದು ಕಾಯಿಯನ್ನು ಕಡಿಯುವುದು. ಅದನ್ನು ಅವನಿಗೆ ಕೊಡುವುದು ನಮ್ಮ ಕೈಯಲ್ಲಿರಲಿಲ್ಲ.

ಪೀಳಮೇಡಿನ ಹುಡುಗರು ತಮ್ಮ ವ್ಯಾಜ್ಯವನ್ನು ತಾವೇ ಪರಿಹರಿಸಿಕೊಂಡರು. ನಡೆಯುತ್ತಿರುವ ಕಥೆ ಮುಗಿಯುವವರೆಗೆ ಹಳೆಯ ಗ್ರಂಥ. ಮುಂದಿನ ಕಥೆಗೆ ಹೊಸದು. ಅದೂ ಮೂರು ಭಾನುವಾರ ಆಡಿ ನೋಡಿದ ಮೇಲೆ. ಹೊಸ ಗ್ರಂಥ ಕೊಂಡ ಹುಡುಗ ಸ್ವಲ್ಪ ಗೊಣಗಿದನಂತೆ. ದುಡ್ಡು ಅವನದು, ಗೊಣಗಲಿ.

ಮೊಮ್ಮಗಳು ಈ ಸಲದ ರಜೆಗೆ ಬರುವೆನೆಂದು ಫೋನಿನಲ್ಲಿ ತಿಳಿಸಿದ್ದಾಳೆ. ಕೂರುವ ಮುನ್ನ ಕಟ್ಟಳೆಗಳನ್ನೆಲ್ಲ ಒಮ್ಮೆ ಗಟ್ಟಿಯಾಗಿ ಹೇಳಬೇಕು, ತಮ್ಮನಿಗೂ ಬಾಯಿಪಾಠ ಮಾಡಿಸಿದ್ದೇನೆ ಎಂದಳು. ನಾವು ಕವಡೆಯ ಡಬ್ಬಿ ತೆರೆದು ನೋಡಿದರೆ ಮೂರೇ ಇವೆ. ನಾಲ್ಕನೆಯದಕ್ಕೆ ಹುಣಸೆಬೀಜವನ್ನು ಒಂದು ಮಗ್ಗುಲು ಉಜ್ಜಿ ಇಟ್ಟಿದ್ದೇವೆ. ನಡೆದೀತೇ ಎಂದು ಅವಳನ್ನು ಕೇಳಬೇಕು.